ಹಾಡಿದವರ ಹೆಸರು ಎಲ್ಲಿ ಹೋಯಿತು?

ನನ್ನ ಗೆಳೆಯನೊಬ್ಬ ಹಾಡು ಕೇಳುವ ಆ್ಯಪ್‌ಗೆ ವರ್ಷದ ಚಂದಾ ಕಟ್ಟುತ್ತಾನೆ. ಕಾರಿನಲ್ಲಿ, ಅಡುಗೆಮನೆಯಲ್ಲಿ, ವಾಕಿಂಗ್ ಹೋಗುವಾಗ ಅದೇ ಆ್ಯಪ್. ಆದರೂ ಅವನ ಫೋನಿನಲ್ಲಿ 'ನಂದು' ಅಂತ ಒಂದು ಫೋಲ್ಡರ್ ಇದೆ. ಯೂಟ್ಯೂಬಿಂದ ಇಳಿಸಿಕೊಂಡದ್ದು, ಟೆಲಿಗ್ರಾಂ ಗುಂಪಿನಲ್ಲಿ ಸಿಕ್ಕಿದ್ದು, ಯಾರೋ ವಾಟ್ಸಾಪ್ ಮಾಡಿದ್ದು, ಹೀಗೆ ನೂರಾರು ಎಂಪಿ3 ಅದರಲ್ಲಿವೆ. ಕಾನೂನಿನ ಕಣ್ಣಿಗೆ ಅದಷ್ಟೂ ಪೈರಸಿ. "ದುಡ್ಡು ಕಟ್ತೀಯಲ್ಲ, ಮತ್ತೆ ಇದ್ಯಾಕೋ?" ಅಂತ ಕೇಳಿದೆ. "ಆ್ಯಪಲ್ಲಿ ಇವತ್ತು ಇರೋ ಹಾಡು ನಾಳೆ ಇರಲ್ಲ ಕಣೋ. ನಂಗೆ ಬೇಕಾಗಿರೋ ಅರ್ಧ ಹಾಡು ಅದ್ರಲ್ಲಿ ಮೊದಲಿಂದಲೂ ಇಲ್ಲ" ಅಂದ. ಆ ಮಾತು ಅವತ್ತಿನಿಂದ ತಲೆ ಕೊರೆಯುತ್ತಿದೆ.

ಪೈರಸಿ ಅಂದ ತಕ್ಷಣ ನಾವು ಮಾತಾಡುವುದು ಬಿಟ್ಟಿ ಆಸೆಯ ಬಗ್ಗೆ. ಜನಕ್ಕೆ ದುಡ್ಡು ಕೊಡಲು ಮನಸ್ಸಿಲ್ಲ, ಕಲೆಗೆ ಬೆಲೆ ಇಲ್ಲ, ಇತ್ಯಾದಿ. ಆದರೆ ಇವನು ದುಡ್ಡು ಕೊಡುವವನು. ಕೊಟ್ಟ ಮೇಲೂ ಅವನಿಗೆ ನಂಬಿಕೆ ಇಲ್ಲ. ಇಲ್ಲದಿರುವುದಕ್ಕೆ ಕಾರಣಗಳೂ ಇವೆ. 2022ರಲ್ಲಿ ಗಾನಾ ಅನ್ನುವ ಹಾಡಿನ ಆ್ಯಪ್ ಬಿಟ್ಟಿ ಕೇಳುವವರಿಗೆ ಬಾಗಿಲು ಹಾಕಿ ಚಂದಾದಾರರಿಗೆ ಮಾತ್ರ ಅಂದಿತು. 2023ರ ಮಾರ್ಚಿನಲ್ಲಿ ಸ್ಪಾಟಿಫೈ ಆ್ಯಪ್ ಮತ್ತು ಝೀ ಮ್ಯೂಸಿಕ್ ಅನ್ನುವ ಹಾಡಿನ ಕಂಪನಿಯ ನಡುವೆ ಕರಾರು ಕುದುರದೆ, ಎಷ್ಟೋ ಹಿಂದಿ ಸಿನಿಮಾ ಹಾಡುಗಳು ಒಂದೇ ಏಟಿಗೆ ಪ್ಲೇಲಿಸ್ಟಿಂದ ಕಾಣೆಯಾದವು. 2024ರ ಜನವರಿಯಲ್ಲಿ ರೆಸ್ಸೋ ಆ್ಯಪ್ ಮುಚ್ಚಿತು. ಅದೇ ವರ್ಷ ವಿಂಕ್ ಮ್ಯೂಸಿಕ್ ಕೂಡ ಹೋಯಿತು. ವರ್ಷಗಟ್ಟಲೆ ಕೂತು ಜೋಡಿಸಿದ ಪಟ್ಟಿಗಳು ಏನಾಗಬೇಕು? ಹಾಡನ್ನು ಪ್ರೀತಿಸುವವರು ಅದನ್ನು ಹತ್ತಿರ ಇಟ್ಟುಕೊಳ್ಳಲು ಬಯಸುತ್ತಾರೆ. ಇಟ್ಟುಕೊಳ್ಳುವಂತೆ ಮಾರುವವರು ಈಗ ಹೆಚ್ಚುಕಡಿಮೆ ಯಾರೂ ಇಲ್ಲ. ಹಾಗಾಗಿ ಅವರು ಪೈರಸಿಯ ಕಡೆ ಹೋಗುತ್ತಾರೆ. ಇದು ಸರಿ ಅಂತ ನಾನು ಹೇಳುತ್ತಿಲ್ಲ. ಸಂಗೀತದ ಉದ್ಯಮ ಪೈರಸಿಗೆ ಏನು ಉತ್ತರ ಕೊಡಬೇಕು ಅಂತ ಯೋಚಿಸುವಾಗ ಇವನಂಥವರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಅಂತ ಹೇಳುತ್ತಿದ್ದೇನೆ.

ಬಸ್ ಸ್ಟ್ಯಾಂಡ್ ಎದುರಿನ ಅಂಗಡಿ

2009ರ ಆಸುಪಾಸು. ಅರಸೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೊಬೈಲ್ ಅಂಗಡಿ. ರೀಚಾರ್ಜ್, ಸಿಮ್, ಪೌಚು, ಚಾರ್ಜರ್. ಗಾಜಿನ ಮೇಲೆ ಕೆಂಪು ಅಕ್ಷರದಲ್ಲಿ 'ಇಲ್ಲಿ ಹಾಡು ಹಾಕಿಕೊಡಲಾಗುತ್ತದೆ'. ಒಳಗೆ ಹಳೇ ಕಂಪ್ಯೂಟರ್ ಮುಂದೆ ಇಪ್ಪತ್ತರ ಹುಡುಗ. ಸ್ಕ್ರೀನಿನ ಮೇಲೆ ಫೋಲ್ಡರುಗಳ ಸಾಲು: ಅಣ್ಣಾವ್ರು, ವಿಷ್ಣು ದಾದಾ, ದೇವ್ರು, ಜಾನಪದ, ಫೀಲಿಂಗ್, ಹೊಸದು. ಮೆಮೊರಿ ಕಾರ್ಡ್ ಕೊಟ್ಟರೆ ಹತ್ತು ನಿಮಿಷದಲ್ಲಿ ತುಂಬಿಸಿ ಕೊಡುತ್ತಿದ್ದ. ಎರಡು ಜಿಬಿಗೆ ಮೂವತ್ತು ರೂಪಾಯಿ. ನಾನು ರೀಚಾರ್ಜಿಗೆ ನಿಂತಿದ್ದೆ. ನನ್ನ ಮುಂದೆ ವಯಸ್ಸಾದ ಒಬ್ಬರು, ಹೆಗಲ ಮೇಲೆ ಟವೆಲ್, ಕೈಯಲ್ಲಿ ದಪ್ಪ ಸ್ಪೀಕರಿನ ಚೈನಾ ಸೆಟ್.

"ತತ್ವಪದ ಐತಾ ಮಗಾ?"

"ಐತೆ ತಾತ, ಒಂದು ಫೋಲ್ಡರೇ ಐತೆ. ಕೇಳಿಸ್ಲಾ?"

ಹುಡುಗ ಒಂದನ್ನು ಒತ್ತಿದ. ಏಕತಾರಿ, ದಮ್ಮಡಿ, ಅದರ ಹಿಂದೆಯೇ ಒಬ್ಬ ಹೆಂಗಸಿನ ದನಿ. ಬಸ್ಸಿನ ಹಾರನ್ನು, ಕಂಡಕ್ಟರುಗಳ ಕೂಗು ಎಲ್ಲದರ ಮಧ್ಯೆಯೂ ಆ ದನಿ ನೇರವಾಗಿ ಬಂತು. ಆ ಹಿರಿಯರು ಕಾರ್ಡ್ ಹಿಡಿದ ಕೈಯನ್ನು ಹಾಗೇ ಮುಂದೆ ಚಾಚಿಕೊಂಡು ಇಡೀ ಪಲ್ಲವಿ ಕೇಳಿದರು. ಆಮೇಲೆ, "ಯಾರು ಮಗಾ ಇದನ್ನ ಹಾಡಿರೋದು? ಗಂಟಲು ಬಲು ಚೆನ್ನಾಗೈತೆ" ಅಂದರು. ಹುಡುಗ ಸ್ಕ್ರೀನಿಗೆ ಬಗ್ಗಿ ನೋಡಿದ. ಕಲಾವಿದರ ಹೆಸರು ಬರಬೇಕಾದ ಜಾಗದಲ್ಲಿ ಆ ಹಾಡು ಇಳಿಸಿಕೊಂಡ ವೆಬ್‌ಸೈಟಿನ ಹೆಸರು. ಆಲ್ಬಂ ಅನ್ನುವ ಕಡೆಯೂ ಅದೇ. ಕೊನೆಗೆ ಚಿತ್ರದ ಜಾಗದಲ್ಲೂ ಅದೇ ವೆಬ್‌ಸೈಟಿನ ಲೋಗೋ. "ಗೊತ್ತಾಗಲ್ಲ ತಾತ, ವೆಬ್‌ಸೈಟ್ ಹೆಸರು ಬರ್ತೈತೆ" ಅಂದ. ಅವರು ತಲೆ ಆಡಿಸಿ, ಮೂವತ್ತು ರೂಪಾಯಿ ಎಣಿಸಿ ಕೊಟ್ಟು ಹೋದರು.

ಆ ಕಾಲದ ಎಂಪಿ3 ಫೈಲುಗಳನ್ನು ನೋಡಿದವರಿಗೆಲ್ಲ ಇದು ಗೊತ್ತು. ಬರೆದವರು, ರಾಗ ಹಾಕಿದವರು, ಹಾಡಿದವರು, ಯಾರೂ ಇಲ್ಲ. ಎಲ್ಲ ಕಡೆ ವೆಬ್‌ಸೈಟಿನ ಹೆಸರು. ಪೈರಸಿಯಿಂದ ಇಷ್ಟು ಕೋಟಿ ನಷ್ಟ ಅಂತ ಕಂಪನಿಗಳು ಹೇಳುವಾಗ ನನಗೆ ನೆನಪಾಗುವುದು ಆ ಸ್ಕ್ರೀನು. ದುಡ್ಡು ಹೋದದ್ದು ನಿಜ. ಆದರೆ ಮೂವತ್ತು ರೂಪಾಯಿ ಕೊಡಲು ಆ ಹಿರಿಯರು ತಯಾರಿದ್ದರು, ಕೊಟ್ಟರು ಕೂಡ. ಹಾಡಿದವರು ಯಾರು ಅಂತ ಬಾಯಿಬಿಟ್ಟು ಕೇಳಿದರು. ಕೇಳುಗ ತನ್ನ ಪಾಲಿನದನ್ನು ಮಾಡಿದ್ದ. ಆ ಕೌಂಟರಿನಲ್ಲಿ ಹತ್ತು ರೂಪಾಯಿಯ ರೀಚಾರ್ಜ್ ಕೂಪನ್ ಮಾರಲು ದೇಶದ ದೊಡ್ಡ ದೊಡ್ಡ ಟೆಲಿಕಾಂ ಕಂಪನಿಗಳು ಬಂದಿದ್ದವು. ಅಂಗಡಿಯವನಿಗೆ ಕಮಿಷನ್ ಕೊಟ್ಟು, ಬೋರ್ಡು ಬರೆಸಿ, ಬಣ್ಣ ಹೊಡೆಸಿ ಹೋಗಿದ್ದವು. ಹಾಡಿನ ಕಂಪನಿಯ ಗುರುತು ಮಾತ್ರ ಅಲ್ಲಿ ಒಂದೂ ಇರಲಿಲ್ಲ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದೇ ವರ್ಷಗಳಲ್ಲಿ ಅದೇ ಜನ ಕಾಲರ್ ಟ್ಯೂನಿಗೆ ತಿಂಗಳಿಗೆ 30 ರೂಪಾಯಿ ಕೊಡುತ್ತಿದ್ದರು. 2006ರ ಕೊನೆಗೆ 'ಮುಂಗಾರು ಮಳೆ' ಬಂದ ಮೇಲಂತೂ ಯಾರಿಗೆ ಫೋನ್ ಮಾಡಿದರೂ ಅದೇ ಹಾಡು. ತಾನು ಕೇಳಲಾಗದ, ತನಗೆ ಫೋನ್ ಮಾಡಿದವರಷ್ಟೇ ಕೇಳುವ ಹಾಡಿಗೆ ದುಡ್ಡು! ಕೊಡುವುದು ಸುಲಭ ಇತ್ತು, ಅದಕ್ಕೇ ಕೊಟ್ಟರು. ಒಂದು ಗುಂಡಿ ಒತ್ತಿದರೆ ಬ್ಯಾಲೆನ್ಸಿನಲ್ಲಿ ಕಟ್ ಆಗುತ್ತಿತ್ತು. ಆ ದುಡ್ಡಿನ ಹೆಚ್ಚಿನ ಪಾಲು ಟೆಲಿಕಾಂ ಕಂಪನಿಗೆ, ಉಳಿದದ್ದು ಹಾಡಿನ ಕಂಪನಿಗೆ. ಬರೆದವರಿಗೂ ಹಾಡಿದವರಿಗೂ ಎಷ್ಟು ಮುಟ್ಟಿರಬಹುದು ಅನ್ನುವುದನ್ನು ನೀವೇ ಊಹಿಸಿಕೊಳ್ಳಿ. ಕಂಪನಿಗಳು ಅದನ್ನೂ ಹಾಳು ಮಾಡಿಕೊಂಡವು. ಕೇಳದೇ ಇದ್ದವರಿಗೂ ಟ್ಯೂನ್ ಹಾಕಿ ದುಡ್ಡು ಕತ್ತರಿಸುವುದು ಜಾಸ್ತಿಯಾಗಿ, ಗಿರಾಕಿಯ ಎರಡನೇ ಒಪ್ಪಿಗೆ ಇಲ್ಲದೆ ಇಂಥ ಸೇವೆ ಶುರು ಮಾಡುವಂತಿಲ್ಲ ಅಂತ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ತರಬೇಕಾಯಿತು. ದುಡ್ಡು ಕೊಡುವ ಅಭ್ಯಾಸ ಜನರಲ್ಲಿ ಮೂಡುತ್ತಿದ್ದ ಹೊತ್ತಿಗೇ ಅವರ ನಂಬಿಕೆ ಕಳೆದುಕೊಂಡದ್ದು ಹೀಗೆ.

ಕೇಸು, ಬ್ಲಾಕು, ಗೂಂಡಾ ಕಾಯ್ದೆ

ಅಮೆರಿಕದ ಕತೆ ಬಹಳ ಜನಕ್ಕೆ ಗೊತ್ತಿದೆ, ಬೇಗ ಹೇಳುತ್ತೇನೆ. 1999ರಲ್ಲಿ, ಜನ ತಮ್ಮ ಕಂಪ್ಯೂಟರಿನ ಹಾಡುಗಳನ್ನು ನೆಟ್‌ನಲ್ಲಿ ಬಿಟ್ಟಿಯಾಗಿ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು. ಕೇಸು ಹಾಕಿ 2001ರಲ್ಲಿ ಮುಚ್ಚಿಸಿದರು. ಅಷ್ಟರಲ್ಲಿ ಅಂಥವೇ ಹತ್ತಾರು ಹುಟ್ಟಿದ್ದವು. 2003ರ ಸೆಪ್ಟೆಂಬರಿನಲ್ಲಿ ಅಲ್ಲಿನ ರೆಕಾರ್ಡಿಂಗ್ ಕಂಪನಿಗಳ ಸಂಘ ನೇರವಾಗಿ ಕೇಳುಗರ ಮೇಲೆಯೇ ಕೇಸು ಹಾಕತೊಡಗಿತು. ಮೊದಲ ಕಂತಿನಲ್ಲಿ 261 ಜನ. ಅದರಲ್ಲಿ 12 ವರ್ಷದ ಒಬ್ಬ ಹುಡುಗಿಯೂ ಇದ್ದಳು. ಸಾವಿರ ಸಾವಿರ ಜನರನ್ನು ಕೋರ್ಟಿಗೆ ಎಳೆದ ಮೇಲೆ 2008ರ ಕೊನೆಗೆ ಅದನ್ನು ಕೈಬಿಟ್ಟರು. ನಡುವೆ 2005ರಲ್ಲಿ ಸೋನಿ ಬಿಎಂಜಿ ತನ್ನ ಸಿಡಿಗಳಲ್ಲಿ ಗುಟ್ಟಾಗಿ ಒಂದು ಸಾಫ್ಟ್‌ವೇರ್ ತುಂಬಿ, ಕಂಪ್ಯೂಟರಿಗೆ ಹಾಕಿದವರಿಗೆಲ್ಲ ತೊಂದರೆ ಮಾಡಿತು. ಆ ಸಿಡಿಗಳನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡವರು ಅವರು. ಶಿಕ್ಷೆಯಾದದ್ದು ಅವರಿಗೆ. ಇಷ್ಟೆಲ್ಲ ಆಗುತ್ತಿದ್ದಾಗ 2003ರ ಏಪ್ರಿಲ್‌ನಲ್ಲಿ ಶುರುವಾದ ಆಪಲ್‌ನ ಐಟ್ಯೂನ್ಸ್ ಅಂಗಡಿ 99 ಸೆಂಟಿಗೆ ಒಂದು ಹಾಡು ಮಾರಿತು. ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಹೋದವು. ಆ ಅಂಗಡಿ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. ಒಂಬತ್ತು ವರ್ಷಕ್ಕೂ ಜಾಸ್ತಿ ಕಾಲ ನಮ್ಮ ಕೇಳುಗರಿಗೆ ಆ ಬಾಗಿಲೂ ತೆರೆದಿರಲಿಲ್ಲ.

ನಮ್ಮಲ್ಲೂ ದಾರಿ ಬೇರೆ ಏನಿರಲಿಲ್ಲ. 2012ರಲ್ಲಿ ಸಂಗೀತ ಕಂಪನಿಗಳ ಸಂಘ ಕಲ್ಕತ್ತಾ ಹೈಕೋರ್ಟಿಗೆ ಹೋಗಿ 104 ವೆಬ್‌ಸೈಟುಗಳನ್ನು ಬ್ಲಾಕ್ ಮಾಡಿಸಿತು. ಸಾಂಗ್ಸ್.ಪಿಕೆ ಕೂಡ ಅದರಲ್ಲಿತ್ತು. ವಿಳಾಸವನ್ನು ಸ್ವಲ್ಪ ಬದಲಿಸಿಕೊಂಡು ಅದೇ ಸೈಟು ಮತ್ತೆ ಎದ್ದಿತು. ಕರ್ನಾಟಕದಲ್ಲಂತೂ ಗೂಂಡಾ ಕಾಯ್ದೆ ಅಂತ ನಾವು ಕರೆಯುವ 1985ರ ಕಾಯ್ದೆಯಿದೆ. ಕಳ್ಳಭಟ್ಟಿ ಮಾರುವವರು, ಮಾದಕವಸ್ತು ಸಾಗಿಸುವವರ ಜೊತೆಗೆ ಅದರ ಪಟ್ಟಿಯಲ್ಲಿ ವಿಡಿಯೋ, ಆಡಿಯೋ ಪೈರಸಿ ಮಾಡುವವರೂ ಇದ್ದಾರೆ. 2014ರ ತಿದ್ದುಪಡಿಯಲ್ಲಿ ಡಿಜಿಟಲ್ ಅಪರಾಧಗಳನ್ನೂ ಸೇರಿಸಿದರು. ಈ ಕಾಯ್ದೆಯಡಿ ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಪೈರಸಿಯನ್ನೇ ದಂಧೆ ಮಾಡಿಕೊಂಡು, ಜೂಜಿನ ಜಾಹೀರಾತು ಹಾಕಿ ದುಡ್ಡು ಮಾಡುವ ಸೈಟುಗಳಿವೆ, ಆ್ಯಪುಗಳಿವೆ. ಅವರನ್ನು ಹಿಡಿಯಲಿ, ಕೋರ್ಟಿನಲ್ಲಿ ನಿಲ್ಲಿಸಲಿ. ಆದರೆ ವಿಚಾರಣೆಯೇ ಇಲ್ಲದ ಬಂಧನದ ಭಯವನ್ನು ಬಸ್ ಸ್ಟ್ಯಾಂಡಿನ ಆ ಹುಡುಗನ ತಲೆ ಮೇಲೂ ತೂಗುಹಾಕುವುದು ನನಗೆ ಒಪ್ಪಿಗೆ ಇಲ್ಲ. ಅಷ್ಟು ಕಠಿಣ ಕಾಯ್ದೆ ಇದ್ದೂ ಹಾಡಿನ ಪೈರಸಿ ನಿಲ್ಲಲಿಲ್ಲ ಅನ್ನುವುದು ಎಲ್ಲರ ಫೋನು ನೋಡಿದರೇ ಗೊತ್ತಾಗುತ್ತದೆ.

ಜನ ದುಡ್ಡು ಕೊಟ್ಟದ್ದು ಯಾವಾಗ?

ಕೊಟ್ಟ ಉದಾಹರಣೆಗಳಿವೆ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದಾಗ ದೇಶದ ತುಂಬ ನಕಲಿ ಕ್ಯಾಸೆಟ್ಟೇ. ದೊಡ್ಡ ಕಂಪನಿಯ ಅಸಲಿ ಕ್ಯಾಸೆಟ್ ದುಬಾರಿ, ಊರಿನ ಅಂಗಡಿಯಲ್ಲಿ ಸಿಗುತ್ತಲೂ ಇರಲಿಲ್ಲ. ಟಿ-ಸೀರೀಸ್‌ನ ಗುಲ್ಶನ್ ಕುಮಾರ್ ಬೆಲೆಯನ್ನು ನಕಲಿಯ ಹತ್ತಿರಕ್ಕೆ ಇಳಿಸಿದರು. ಬೀಡಾ ಅಂಗಡಿ, ಕಿರಾಣಿ ಅಂಗಡಿಗಳಲ್ಲೂ ಕ್ಯಾಸೆಟ್ ಇಟ್ಟರು. ಅವರು ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲಾರೆ. ಹಳೇ ಹಾಡುಗಳನ್ನು ಬೇರೆಯವರಿಂದ ಹಾಡಿಸಿ ಮಾರಿದ್ದಕ್ಕೆ ಮೂಲ ಕಂಪನಿಗಳು ಸಿಟ್ಟಾಗಿದ್ದವು, ಜಗಳಗಳಾದವು. ಆದರೆ ಅಸಲಿ ಮತ್ತು ನಕಲಿಯ ನಡುವಿನ ಬೆಲೆ ಹತ್ತಿರ ಬಂದ ಮೇಲೆ, ಅಸಲಿ ಕೈಗೆಟುಕಿದ ಮೇಲೆ, ನಕಲಿಯ ಜೋರು ಇಳಿಯಿತು. ಕನ್ನಡದಲ್ಲೂ ಕ್ಯಾಸೆಟ್ಟಿನ ಆ ಸುಗ್ಗಿಯಲ್ಲೇ ಭಾವಗೀತೆ, ಭಕ್ತಿಗೀತೆ, ಹರಿಕಥೆ, ಯಕ್ಷಗಾನ ಮನೆ ಮನೆಗೆ ಬಂದವು.

ಬೆಂಗಳೂರಿನಿಂದಲೇ ಒಂದು ಒಳ್ಳೆಯ ಪ್ರಯತ್ನ ನಡೆಯಿತು. 2012ರ ಫೆಬ್ರವರಿಯಲ್ಲಿ ಫ್ಲಿಪ್‌ಕಾರ್ಟ್ 'ಫ್ಲೈಟ್' ಅನ್ನುವ ಹಾಡಿನ ಅಂಗಡಿ ತೆರೆಯಿತು. ಕೆಲವೇ ರೂಪಾಯಿಗೆ ಒಂದು ಹಾಡು. ಕೊಂಡರೆ ಎಂಪಿ3 ನಿಮ್ಮದೇ, ನಕಲು ಮಾಡದಂತೆ ತಡೆಯುವ ಬೀಗ ಇಲ್ಲ. 2013ರ ಜೂನ್‌ನಲ್ಲಿ ಅದು ಮುಚ್ಚಿತು. ಪೈರಸಿ, ಮತ್ತು ಸಣ್ಣ ಮೊತ್ತ ಸುಲಭವಾಗಿ ಕಟ್ಟಲು ದಾರಿ ಇಲ್ಲದಿರುವುದು, ಈ ಎರಡು ಕಾರಣವನ್ನೂ ಅವರು ಹೇಳಿದ್ದರು. ಎರಡನೆಯ ಕಾರಣ ನನ್ನನ್ನು ಯೋಚಿಸುವಂತೆ ಮಾಡುತ್ತದೆ. ಹತ್ತು ರೂಪಾಯಿ ಹಾಡಿಗೆ ಕಾರ್ಡ್ ನಂಬರ್, ಸಿವಿವಿ, ಓಟಿಪಿ. ಕಾರ್ಡೇ ಇಲ್ಲದವರ ಪಾಡಂತೂ ಹೇಳುವುದೇ ಬೇಡ. ಮೂರು ವರ್ಷ ಕಳೆದು, 2016ರಲ್ಲಿ ಯುಪಿಐ ಬಂತು. ಅದೇ ವರ್ಷ ಜಿಯೋ ಬಂದು ಡೇಟಾ ಅಗ್ಗವಾಯಿತು. ಇವತ್ತು ಎಳನೀರು ಮಾರುವವರು ಕೂಡ ಕ್ಯೂಆರ್ ಕೋಡ್ ಇಟ್ಟಿದ್ದಾರೆ. ಸಣ್ಣ ಮೊತ್ತ ಕಟ್ಟುವ ಕಷ್ಟ ಈಗ ಇಲ್ಲವೇ ಇಲ್ಲ. ಆದರೆ ಹತ್ತು ರೂಪಾಯಿ ಕೊಟ್ಟು ಒಂದು ಕನ್ನಡ ಹಾಡನ್ನು ಫೈಲಾಗಿ ಕೊಂಡು ಇಟ್ಟುಕೊಳ್ಳಲು ಹೊರಟರೆ ನಮ್ಮ ದೊಡ್ಡ ಕಂಪನಿಗಳ ಅಂಗಡಿ ಎಲ್ಲಿದೆ? ದಾರಿ ಸರಿಹೋಗುವಷ್ಟರಲ್ಲಿ ಅಂಗಡಿಯನ್ನೇ ಎತ್ತಿಬಿಟ್ಟಿದ್ದರು.

2017ರಲ್ಲಿ ಸರೆಗಮ ಕಂಪನಿ ಕಾರವಾನ್ ಅಂತ ರೇಡಿಯೋ ತರಹದ ಪೆಟ್ಟಿಗೆ ತಂದದ್ದು ನೆನಪಿದೆಯಲ್ಲ? 5,000 ಹಳೇ ಹಿಂದಿ ಹಾಡು ತುಂಬಿ, ಸುಮಾರು ಆರು ಸಾವಿರ ರೂಪಾಯಿಗೆ ಮಾರಿದರು. ಅದರಲ್ಲಿದ್ದ ಹಾಡುಗಳು ಯೂಟ್ಯೂಬಿನಲ್ಲಿ ಬಿಟ್ಟಿ ಸಿಗುತ್ತಿದ್ದವು. ಆದರೂ ಮಕ್ಕಳು ಅಪ್ಪ ಅಮ್ಮನಿಗೆ ಅಂತ ಮುಗಿಬಿದ್ದು ಕೊಂಡರು. ಹುಡುಕುವ ತಾಪತ್ರಯ ಇಲ್ಲ, ನೆಟ್ ಬೇಡ, ಜಾಹೀರಾತಿಲ್ಲ, ನಾಳೆ ಮಾಯವಾಗುವ ಭಯವಿಲ್ಲ. ಜನ ಹಾಡಿಗೆ ದುಡ್ಡು ಕೊಡಲ್ಲ ಅನ್ನುವವರು ಇದನ್ನು ನೋಡಬೇಕು.

ಮೇಷ್ಟ್ರ ಎಂಟು ಹಾಡು

ಈಗ ನನಗೆ ತುಂಬ ಹತ್ತಿರದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಒಬ್ಬರು ನಿವೃತ್ತ ಶಾಲಾ ಮೇಷ್ಟ್ರು. ಹಾರ್ಮೋನಿಯಂ ನುಡಿಸುತ್ತಾರೆ, ಕವಿತೆಗಳಿಗೆ ರಾಗ ಹಾಕುತ್ತಾರೆ. 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದು ಭಾವಗೀತೆಗೆ ಹೊಸ ದಾರಿ ತೆರೆದ ಮೇಲೆ ಹಳ್ಳಿ ಹಳ್ಳಿಯಲ್ಲೂ ಅಂಥ ಕನಸು ಕಂಡವರು ಇದ್ದರು. ಇವರೂ ಒಬ್ಬರು. ತೊಂಬತ್ತರ ದಶಕದಲ್ಲಿ ಒಂದು ಸಣ್ಣ ಕ್ಯಾಸೆಟ್ ಕಂಪನಿ ಇವರ ಎಂಟು ಹಾಡು ರೆಕಾರ್ಡ್ ಮಾಡಿತು. ಒಂದೇ ಸಲಕ್ಕೆ ಅಂತ ಸ್ವಲ್ಪ ದುಡ್ಡು ಕೊಟ್ಟು, ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿಸಿಕೊಂಡಿತು. ಆ ಕಂಪನಿ ಮುಂದೆ ಮುಚ್ಚಿ, ಅದರ ಹಾಡುಗಳು ಇನ್ನೊಂದು ಕಂಪನಿಯ ಪಾಲಾದವು.

ಒಂದು ದಿನ ಫೋನ್ ಮಾಡಿ, "ನನ್ನ ಹಾಡು ನನಗೇ ಸಿಗ್ತಿಲ್ಲವಲ್ಲಪ್ಪಾ, ಬಂದು ನೋಡ್ತೀಯಾ?" ಅಂದರು. ಹೋದೆ. ಯಾರೋ ಅಭಿಮಾನಿಯೊಬ್ಬರು ತಮ್ಮ ಹತ್ತಿರ ಇದ್ದ ಕ್ಯಾಸೆಟ್ಟಿಂದ ಆ ಎಂಟೂ ಹಾಡನ್ನು ಯೂಟ್ಯೂಬಿಗೆ ಹಾಕಿದ್ದರು. ಹಾಡಿನ ಕೆಳಗೆ ಪೂರ್ತಿ ಸಾಹಿತ್ಯ, ಕವಿಗಳ ಹೆಸರು, ರಾಗಸಂಯೋಜನೆ, ಹಾಡಿದವರು, ತಬಲಾ, ಕೊಳಲು, ಎಲ್ಲವನ್ನೂ ಕನ್ನಡದಲ್ಲಿ ಟೈಪ್ ಮಾಡಿದ್ದರು. ಮೇಷ್ಟ್ರು ಮೊಮ್ಮಕ್ಕಳಿಗೆ ತೋರಿಸುತ್ತಿದ್ದದ್ದು ಅದನ್ನೇ. ಈಗ ಅದು ಇರಲಿಲ್ಲ. ಹಕ್ಕಿನ ದೂರಿನ ಮೇಲೆ ತೆಗೆಯಲಾಗಿದೆ ಅನ್ನುವ ಬೂದು ಬಣ್ಣದ ಚೌಕ ಮಾತ್ರ. ಸರಿ, ಕಂಪನಿಯದ್ದೇ ಅಧಿಕೃತವಾಗಿ ಇರಬೇಕಲ್ಲ ಅಂತ ಹುಡುಕಿದೆವು. ತುಂಬ ಹೊತ್ತು ಹುಡುಕಿದ ಮೇಲೆ ಒಂದು ಆ್ಯಪಿನಲ್ಲಿ ಐದು ಹಾಡು ಸಿಕ್ಕವು. ಯಾವ್ಯಾವುದೋ ಬೇರೆ ಹಾಡುಗಳ ಜೊತೆ ಕಲೆಸಿ, ಭಾವಗೀತೆಗಳ ಸಂಪುಟ ಅಂತ ಹೆಸರಿಟ್ಟಿದ್ದರು. ಕಲಾವಿದರ ಜಾಗದಲ್ಲಿ 'ವೇರಿಯಸ್ ಆರ್ಟಿಸ್ಟ್ಸ್'. ಕವಿಯ ಹೆಸರು ಇಲ್ಲ. ಎರಡು ಹಾಡಿಗೆ ಸಂಗೀತ ಅಂತ ಗಾಯಕಿಯ ಹೆಸರು. ಉಳಿದ ಮೂರಕ್ಕೆ ಸಂಗೀತ ಅನ್ನುವ ಜಾಗವೇ ಖಾಲಿ.

ಮೇಷ್ಟ್ರು ಎದ್ದು ಹೋಗಿ ಬೀರುವಿಂದ ಕ್ಯಾಸೆಟ್ ತಂದರು. ಪ್ಲಾಸ್ಟಿಕ್ ಡಬ್ಬಿ ಒಡೆದಿತ್ತು. ಒಳಗಿನ ಕಾಗದ ಮೂರು ಮಡಿಕೆ. ಮಡಿಕೆಯ ಜಾಗದಲ್ಲಿ ಹರಿದು ಸೆಲ್ಲೋಟೇಪ್ ಹಾಕಿ ಅಂಟಿಸಿದ್ದರು, ಆ ಟೇಪೂ ಹಳದಿಯಾಗಿತ್ತು. ಎ ಸೈಡಿನಲ್ಲಿ ನಾಲ್ಕು, ಬಿ ಸೈಡಿನಲ್ಲಿ ನಾಲ್ಕು. ಇರುವೆ ಸಾಲಿನಂಥ ಅಕ್ಷರದಲ್ಲಿ ಎಲ್ಲರ ಹೆಸರು, ರೆಕಾರ್ಡಿಂಗ್ ಮಾಡಿದ ಸ್ಟುಡಿಯೋದ ಎಂಜಿನಿಯರ್ ಹೆಸರಿನ ತನಕ. ಅದರ ಮೇಲೆ ಬೆರಳಿಟ್ಟು ಹೇಳಿದರು: "ನೋಡು, ಕದ್ದವನು ಅಂತ ಯಾರನ್ನ ಹೇಳ್ತಾರೋ ಆ ಪುಣ್ಯಾತ್ಮ ಇದನ್ನೆಲ್ಲ ನೋಡಿ ನೋಡಿ ಬರೆದಿದ್ದ. ಹಕ್ಕು ಇರೋರು ಒಂದು ಹೆಸರೂ ಬರೆದಿಲ್ಲ. ದುಡ್ಡಿನ ಮಾತು ಬಿಡು. ಈ ತಬಲಾದವನು ಹೋಗಿಬಿಟ್ಟ, ಅವನ ಮಗ ಇದ್ದಾನೆ. ಅವನಿಗೆ ತೋರಿಸೋಕೆ ಏನಿದೆ ಈಗ?"

ನನಗೆ ಉತ್ತರ ಹೊಳೆಯಲಿಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ವೆಬ್‌ಸೈಟು ಮಾಡಿದ್ದ ಕೆಲಸವನ್ನೇ ಇಲ್ಲಿ ಹಕ್ಕುದಾರರು ಕಾನೂನುಬದ್ಧವಾಗಿ ಮಾಡಿದ್ದರು. ಕಲಾವಿದರ ಶ್ರಮಕ್ಕೆ ಮರ್ಯಾದೆ ಕೊಡಿ, ಪೈರಸಿ ಮಾಡಬೇಡಿ ಅಂತ ಕೇಳುವ ಉದ್ಯಮ ಮೊದಲು ಆ ಕಲಾವಿದರು ಯಾರು ಅಂತ ಹೇಳಬೇಕು, ಅಲ್ವಾ?

ಆ ಅಭಿಮಾನಿಯ ವಿಡಿಯೋ ತೆಗೆಸುವುದೊಂದೇ ದಾರಿಯಾಗಿತ್ತಾ ಅಂದರೆ, ಅದೂ ಅಲ್ಲ. ಯೂಟ್ಯೂಬಿನಲ್ಲಿ 2007ರಿಂದಲೇ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಇದೆ. ಬೇರೆಯವರು ಹಾಕಿದ ನಿಮ್ಮ ಹಾಡು ಸಿಕ್ಕರೆ ಮೂರು ದಾರಿ. ತಡೆಯಬಹುದು. ಎಷ್ಟು ಜನ ನೋಡುತ್ತಾರೆ ಅಂತ ಸುಮ್ನೆ ಲೆಕ್ಕ ಇಡಬಹುದು. ಇಲ್ಲವಾ, ವಿಡಿಯೋ ಹಾಗೇ ಇರಲಿ ಅಂತ ಬಿಟ್ಟು ಅದರ ಜಾಹೀರಾತಿನ ದುಡ್ಡು ತಾವು ತೆಗೆದುಕೊಳ್ಳಬಹುದು. ಮೂರನೆಯದನ್ನು ಆರಿಸಿದ್ದರೆ ಹಾಡೂ ಉಳಿಯುತ್ತಿತ್ತು, ಹೆಸರುಗಳೂ ಉಳಿಯುತ್ತಿದ್ದವು, ಕಂಪನಿಗೂ ನಾಲ್ಕು ಕಾಸು ಬರುತ್ತಿತ್ತು. ಹಳೇ ಕ್ಯಾಸೆಟ್ಟು, ಹಳೇ ರೆಕಾರ್ಡು ಡಿಜಿಟಲ್ ಮಾಡಿ ಹಾಕುವ ಇಂಥ ಅಭಿಮಾನಿಗಳು ಕನ್ನಡದಲ್ಲಿ ಬಹಳ ಮಂದಿ ಇದ್ದಾರೆ. ಎಷ್ಟೋ ಕಂಪನಿಗಳ ಮಾಸ್ಟರ್ ಟೇಪಿಗೆ, ಅಂದರೆ ಮೂಲ ರೆಕಾರ್ಡಿಂಗಿನ ಟೇಪಿಗೆ, ಫಂಗಸ್ ಹಿಡಿದು ಹೋಗಿದೆ. ಅವರ ಬಳಿಯೇ ಇಲ್ಲದ ಹಾಡು ಈ ಅಭಿಮಾನಿಗಳ ಹತ್ತಿರ ಇದೆ. ಇವರನ್ನು ಕರೆದು, ಗುತ್ತಿಗೆಯಲ್ಲೋ ಗೌರವಧನದಲ್ಲೋ ಜೊತೆಗೆ ಕೆಲಸ ಮಾಡಿಸಿಕೊಳ್ಳುವುದು ಬಿಟ್ಟು ದೂರು ಕೊಡುತ್ತಾ ಕೂತರೆ ಕಳೆದುಕೊಳ್ಳುವವರು ಕಂಪನಿಯವರೇ. (ಇದರ ಜೊತೆಗೆ ಒಂದು ಮಾತು. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾಗಿ 60 ವರ್ಷಕ್ಕೆ ಮುಗಿಯುತ್ತದೆ. ಅಂದರೆ 1960ಕ್ಕೆ ಮುಂಚೆ ಬಂದ ರೆಕಾರ್ಡುಗಳ ಧ್ವನಿಮುದ್ರಣದ ಮೇಲೆ ಇವತ್ತು ಯಾರ ಹಕ್ಕೂ ಇಲ್ಲ. ಸಾಹಿತ್ಯ ಮತ್ತು ಸಂಗೀತದ ಲೆಕ್ಕ ಬೇರೆ, ಅದು ಬರೆದವರು ತೀರಿಕೊಂಡ ಮೇಲೆ 60 ವರ್ಷ. ಹಳೇ ರಂಗಗೀತೆ ಹಾಕುವವರು ಇದನ್ನು ತಿಳಿದಿರುವುದು ಒಳ್ಳೆಯದು.)

ಕೊಟ್ಟ ದುಡ್ಡು ಯಾರಿಗೆ?

ಗೆಳೆಯನ ಚಂದಾ ವಿಷಯಕ್ಕೆ ಬರುತ್ತೇನೆ. ಅವನು ಕೇಳುವುದು ಹೆಚ್ಚಾಗಿ ಭಾವಗೀತೆ, ತಾಳಮದ್ದಳೆ, ಹಳೇ ಸಿನಿಮಾ ಹಾಡು. ತಾನು ಕಟ್ಟಿದ ದುಡ್ಡು ತಾನು ಕೇಳಿದವರಿಗೆ ಹೋಗುತ್ತದೆ ಅಂತ ಅವನು ಅಂದುಕೊಂಡಿದ್ದ. ಬಹುಪಾಲು ಆ್ಯಪುಗಳಲ್ಲಿ ಹಾಗಿಲ್ಲ. ಎಲ್ಲರ ಚಂದಾ ಒಂದು ಹುಂಡಿಗೆ ಬೀಳುತ್ತದೆ. ಒಟ್ಟಾರೆ ಯಾವ ಹಾಡು ಎಷ್ಟು ಸಲ ಓಡಿತು ಅನ್ನುವುದರ ಮೇಲೆ ಪಾಲು. ಅಂದಮೇಲೆ ಇವನು ತಿಂಗಳೆಲ್ಲ ತಾಳಮದ್ದಳೆ ಕೇಳಿದರೂ ಇವನ ದುಡ್ಡಿನ ದೊಡ್ಡ ಭಾಗ ಹೋಗುವುದು ಆ ತಿಂಗಳ ಹಿಟ್ ಹಾಡುಗಳಿಗೆ. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಓಡದ ಹಾಡಿಗೆ ರೆಕಾರ್ಡಿಂಗ್ ಬಾಬ್ತು ಒಂದು ಪೈಸೆಯೂ ಇಲ್ಲ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಸಾವಿರ ಅನ್ನುವುದು ಏನೂ ಅಲ್ಲದಿರಬಹುದು. ನಮ್ಮ ಮೇಷ್ಟ್ರ ಹಾಡಿಗೆ ವರ್ಷಕ್ಕೆ ಆರುನೂರು ಸಲ ಅಂದರೆ ಅದು ಆರುನೂರು ಸಲ ಯಾರೋ ಹುಡುಕಿಕೊಂಡು ಬಂದು ಕೇಳಿದ್ದು. ಕೇಳುಗನೊಬ್ಬನ ಚಂದಾ ಅವನು ಕೇಳಿದವರಿಗೇ ಹೋಗುವಂಥ ಪದ್ಧತಿ ಸಾಧ್ಯವಿಲ್ಲದ್ದೇನಲ್ಲ. ಸೌಂಡ್‌ಕ್ಲೌಡ್ 2021ರಲ್ಲಿ ಸ್ವತಂತ್ರ ಕಲಾವಿದರಿಗಾಗಿ ಅದನ್ನು ಶುರು ಮಾಡಿತು. ಕನ್ನಡದಂಥ ಭಾಷೆಗೆ ಬೇಕಾಗಿರುವುದು ಆ ಪದ್ಧತಿ. ನಮ್ಮ ಕಂಪನಿಗಳು ಆ್ಯಪುಗಳ ಜೊತೆ ಕರಾರಿಗೆ ಕೂತಾಗ ಇದನ್ನು ಕೇಳಬೇಕು.

ಕಾನೂನು ನಮ್ಮಲ್ಲಿ ಒಂದು ದೊಡ್ಡ ಕೆಲಸ ಮಾಡಿದೆ. 2012ರ ಕಾಪಿರೈಟ್ ತಿದ್ದುಪಡಿ. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ದನಿ ಎತ್ತಿದರು. ಅಲ್ಲಿಯವರೆಗೆ ನಿರ್ಮಾಪಕರೋ ಕಂಪನಿಯೋ ಒಂದು ಸಹಿ ಹಾಕಿಸಿಕೊಂಡರೆ ಗೀತರಚನೆಕಾರರ, ಸಂಗೀತ ನಿರ್ದೇಶಕರ ಕತೆ ಮುಗಿಯುತ್ತಿತ್ತು. ಈಗ ಅವರ ರಾಯಲ್ಟಿಯ ಹಕ್ಕನ್ನು ಯಾರೂ ಬರೆಸಿಕೊಳ್ಳುವಂತಿಲ್ಲ. ವಾರಸುದಾರರಿಗೆ, ಇಲ್ಲವೇ ದುಡ್ಡು ವಸೂಲಿ ಮಾಡಿ ಹಂಚುವ ಕಾಪಿರೈಟ್ ಸಂಘಕ್ಕೆ ಮಾತ್ರ ಕೊಡಬಹುದು. ಐಪಿಆರ್‌ಎಸ್ ಅಂಥ ಸಂಘ. ಆದರೆ ಹಂಚಬೇಕಾದರೆ ಹಾಡು ಯಾರದ್ದು ಅಂತ ಗೊತ್ತಿರಬೇಕು. ಆ್ಯಪಿನ ಲೆಕ್ಕದಲ್ಲಿ ಸಂಗೀತದ ಜಾಗ ಖಾಲಿ, ಸಾಹಿತ್ಯದ ಜಾಗದಲ್ಲಿ ತಪ್ಪು ಹೆಸರು ಇದ್ದರೆ ಆ ದುಡ್ಡು ಯಾರ ಮನೆ ಬಾಗಿಲಿಗೆ ಹೋಗಬೇಕು? ಹೆಸರು ಬರೆಯುವುದು ಬರೀ ಮರ್ಯಾದೆಯ ವಿಷಯ ಅಲ್ಲ, ಅನ್ನದ ವಿಷಯ.

ಪೈರಸಿಗೆ ಉತ್ತರ ಏನು ಅಂತ ಕನ್ನಡದ ಆಡಿಯೋ ಕಂಪನಿಯವರೊಬ್ಬರು ನನ್ನ ಎದುರಿಗೆ ಕೂತು ಕೇಳಿದರೆ ನಾನು ಶುರು ಮಾಡುವುದು ಇಲ್ಲಿಂದಲೇ. ನಿಮ್ಮ ಹತ್ತಿರ ಇರುವ ಪ್ರತಿ ಹಾಡಿಗೂ ಪೂರ್ತಿ ಹೆಸರುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿ. ಹಾಡು ಕೊಂಡು ಇಟ್ಟುಕೊಳ್ಳುವ ಅಂಗಡಿಯನ್ನು ಮತ್ತೆ ತೆರೆಯಿರಿ. ಐದೋ ಹತ್ತೋ ರೂಪಾಯಿ, ಯುಪಿಐ, ಬೀಗವಿಲ್ಲದ ಫೈಲು. ಅದರಲ್ಲಿ ಇಷ್ಟು ಕವಿಗೆ, ಇಷ್ಟು ಸಂಗೀತಕ್ಕೆ, ಇಷ್ಟು ಹಾಡಿದವರಿಗೆ ಅಂತ ಬಿಲ್ಲಿನ ಮೇಲೇ ತೋರಿಸಿ. ಹಾಗೆ ತೋರಿಸಿದ ದಿನ ನನ್ನ ಗೆಳೆಯ 'ನಂದು' ಫೋಲ್ಡರಿನ ಒಂದೊಂದು ಹಾಡನ್ನೂ ದುಡ್ಡು ಕೊಟ್ಟು ಮತ್ತೆ ಕೊಳ್ಳುತ್ತಾನೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಎಲ್ಲರೂ ಕೊಳ್ಳುವುದಿಲ್ಲ. ಬಿಟ್ಟಿ ಬೇಕು ಅನ್ನುವವರು ಯಾವಾಗಲೂ ಇರುತ್ತಾರೆ. ಅವರಿಗೆ ಜಾಹೀರಾತಿನ ಜೊತೆ ಕೇಳಿಸಿ. ಅವರನ್ನು ಬದಲಾಯಿಸಲು ಹೋಗಿ, ಕೊಡಲು ತಯಾರಿರುವವರನ್ನು ಕಳೆದುಕೊಳ್ಳಬೇಡಿ.

ಮೇಷ್ಟ್ರ ಎಂಟು ಹಾಡಿನ ವಿಷಯದಲ್ಲಿ ಆ ಅಭಿಮಾನಿಯನ್ನು ಹುಡುಕಿ ಮಾತಾಡಿದ್ದೇನೆ. ಅವರ ಹತ್ತಿರ ಹಾಡುಗಳು ಹಾಗೇ ಇವೆ. ಹಕ್ಕು ಹೊಂದಿರುವ ಕಂಪನಿಗೆ ಹೆಸರುಗಳ ಪಟ್ಟಿಯನ್ನೂ, ಕ್ಯಾಸೆಟ್ ಕಾಗದದ ಫೋಟೋವನ್ನೂ ಕಳಿಸಿದ್ದೇವೆ. ಬಿ ಸೈಡಿನ ಮೂರನೇ ಹಾಡಿನ ಕವಿಯ ಹೆಸರು ಮಾತ್ರ ಸೆಲ್ಲೋಟೇಪಿನ ಅಡಿ ಅಳಿಸಿ ಹೋಗಿದೆ. ಮೇಷ್ಟ್ರಿಗೂ ನೆನಪಾಗುತ್ತಿಲ್ಲ, ಯಾವುದೋ ವಾರಪತ್ರಿಕೆಯಲ್ಲಿ ಬಂದಿದ್ದ ಕವಿತೆ ಅನ್ನುತ್ತಾರೆ. ನಿಮ್ಮ ಮನೆಯ ಅಟ್ಟದ ಮೇಲೂ ಹಳೇ ಕ್ಯಾಸೆಟ್ ಇರಬಹುದು. ಹಾಡು ಡಿಜಿಟಲ್ ಮಾಡಲು ಆಗದಿದ್ದರೂ ಪರವಾಗಿಲ್ಲ. ಒಳಗಿನ ಕಾಗದವನ್ನು ಬಿಡಿಸಿ, ಬೆಳಕಿನಲ್ಲಿ ಇಟ್ಟು, ಎರಡೂ ಬದಿಯ ಫೋಟೋ ತೆಗೆದು ಇಟ್ಟುಕೊಳ್ಳಿ. ಆ ಹಾಡುಗಳು ಯಾವುದಾದರೂ ಆ್ಯಪಿನಲ್ಲಿ ಇದ್ದರೆ, ಅಲ್ಲಿ ಯಾರ ಹೆಸರಿದೆ ಅಂತ ನೋಡಿ, ತಪ್ಪಿದ್ದರೆ ಕಂಪನಿಗೆ ಒಂದು ಮೇಲ್ ಬರೆಯಿರಿ.